ಹಳಿಯಾಳ ರಸ್ತೆಯ ಮುಸುವಗಳು

ಧಾರವಾಡದಿಂದ ಪೂರ್ವಕ್ಕೆ, ನವಲಗುಂದದ ಕಡೆ ಹೊರಟರೆ ಕಪ್ಪು ಎರೆಭೂಮಿ. ಹತ್ತಿ, ಜೋಳ, ಕಡಲೆ. ಕಣ್ಣು ಹಾಯುವಷ್ಟು ದೂರ ನೆರಳಿಗೆಂದು ಒಂದು ಮರ ಸಿಕ್ಕರೆ ಪುಣ್ಯ. ಅದೇ ಊರಿನಿಂದ ಪಶ್ಚಿಮಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ಮಣ್ಣಿನ ಬಣ್ಣ ಕೆಂಪಾಗುತ್ತದೆ. ಮಾವಿನ ತೋಪುಗಳು, ಭತ್ತದ ಗದ್ದೆಗಳು ದಾಟಿ ತೇಗ, ಮತ್ತಿ, ಹೊನ್ನೆ, ಬಿದಿರುಗಳ ಕಾಡು ಶುರುವಾಗುತ್ತದೆ. ಬೆಳವಲ ಮುಗಿದು ಮಲೆನಾಡು ತೊಡಗುವ ಸೆರಗಿನ ಮೇಲೆ ಈ ಊರು ಕೂತಿದೆ.

ಧಾರವಾಡದಿಂದ ಹಳಿಯಾಳಕ್ಕೆ ಸುಮಾರು 35 ಕಿಲೋಮೀಟರ್. ಅಲ್ಲಿಂದ ಮುಂದಕ್ಕೆ ದಾಂಡೇಲಿ, ಕಾಳಿ ನದಿ, ಹುಲಿಗಳ ಸಂರಕ್ಷಿತ ಅರಣ್ಯ. ಹುಲಿ, ಕಪ್ಪು ಚಿರತೆ, ಮಂಗಟ್ಟೆ ಹಕ್ಕಿ ನೋಡುವ ಆಸೆಯಿಂದ ಹೋಗುವವರು ಹಳಿಯಾಳದವರೆಗಿನ ದಾರಿಯಲ್ಲಿ ನಿದ್ದೆ ಹೊಡೆಯುವುದೇ ಹೆಚ್ಚು. ಬಸ್ಸು ನಿಂತ ಕಡೆ ಮರದ ಮೇಲೆ ಉದ್ದ ಬಾಲ ಇಳಿಬಿಟ್ಟು ಕುಳಿತ ಕರಿಮುಖದ ಮುಸುವಗಳನ್ನು ಕಂಡು ಮಕ್ಕಳು ಕೂಗುತ್ತವೆ. ಕಂಡಕ್ಟರು ಎಚ್ಚರಿಸುತ್ತಾರೆ: “ತಮ್ಮಾ, ಬಾಳಿಹಣ್ಣು ಕೈಯಾಗ ಹಿಡಕೊಂಡು ಇಳಿಬ್ಯಾಡೋ, ಮಂಗ್ಯಾ ಕಸಗೊಂಡು ಹೋಗ್ತಾವು.” ಅಲ್ಲಿಗೆ ಮುಸುವದ ವಿಚಾರ ಮುಗಿಯಿತು. ಬಸ್ಸು ಮುಂದಕ್ಕೆ ಹೋಯಿತು.

ಮುಸುವವನ್ನು ನೋಡಲು ಯಾರೂ ಟಿಕೆಟು ಕೊಳ್ಳುವುದಿಲ್ಲ. ಆದರೆ ಮಂಗಗಳ ಬದುಕನ್ನು ಅಭ್ಯಾಸ ಮಾಡುವವರ ಪುಸ್ತಕಗಳಲ್ಲಿ, ಅವು ಅಮೆರಿಕದಲ್ಲಿ ಅಚ್ಚಾಗಿರಲಿ, ಜರ್ಮನಿಯಲ್ಲಿ ಅಚ್ಚಾಗಿರಲಿ, ಧಾರವಾಡದ ಹೆಸರು ತಪ್ಪದೆ ಬರುತ್ತದೆ. ಪೇಢೆಗಾಗಿ ಅಲ್ಲ, ಸಂಗೀತಕ್ಕಾಗಿ ಅಲ್ಲ, ಬೇಂದ್ರೆಯವರಿಗಾಗಿಯೂ ಅಲ್ಲ. ಈ ಊರಿನ ಪಶ್ಚಿಮದ ಕಾಡಿನಲ್ಲಿ 1962ರಲ್ಲಿ ಮುಸುವಗಳ ಒಂದು ಗುಂಪಿನಲ್ಲಿ ನಡೆದ ಘಟನೆಗಾಗಿ. ಆ ಘಟನೆ ಹಿತವಾದದ್ದಲ್ಲ. ಅದನ್ನು ಕಂಡವನು ಹೇಳಿದಾಗ ಬಲ್ಲವರೇ ನಂಬಲಿಲ್ಲ. ನಂಬಿಸಲು ಮೂವತ್ತೇಳು ವರ್ಷಗಳಷ್ಟು ಕಾಲ ಬೇಕಾಯಿತು.

ಕಂಡವನ ಹೆಸರು ಯುಕಿಮಾರು ಸುಗಿಯಾಮಾ, ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತರುಣ. ಜಪಾನಿನಲ್ಲಿ ಆಗ ಮಂಗಗಳ ಅಧ್ಯಯನಕ್ಕೆ ಹೊಸ ದಾರಿಯೊಂದು ಬಿದ್ದಿತ್ತು. ಕಿಂಜಿ ಇಮಾನಿಶಿ ಎಂಬ ಹಿರಿಯರು 1948ರಿಂದ ತಮ್ಮ ಶಿಷ್ಯರಿಗೆ ಕಲಿಸಿದ ಪಾಠ ಸರಳವಾದದ್ದು: ಒಂದೊಂದು ಮಂಗವನ್ನೂ ಮುಖದಿಂದ ಗುರುತಿಸಿರಿ, ಹೆಸರಿಡಿರಿ, ವರ್ಷಗಟ್ಟಲೆ ಬೆನ್ನು ಬಿಡಬೇಡಿರಿ. ಪ್ರಾಣಿಗೆ ಹೆಸರಿಡುವುದೆಂದರೆ ಆಗ ಪಶ್ಚಿಮದ ಪಂಡಿತರಿಗೆ ನಗು. ಆದರೆ ಹೀಗೆ ಗುರುತು ಹಿಡಿದದ್ದರಿಂದಲೇ ಕೋಶಿಮಾ ದ್ವೀಪದಲ್ಲಿ ಒಂದು ಎಳೆಯ ಹೆಣ್ಣು ಮಂಗ 1953ರಲ್ಲಿ ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನಲು ಕಲಿತದ್ದು, ಅದನ್ನು ನೋಡಿ ಉಳಿದವು ಕಲಿತದ್ದು ಲೋಕಕ್ಕೆ ತಿಳಿಯಿತು. ಯಾರು ಯಾರ ಮಗು, ಯಾರು ಯಾರಿಂದ ಕಲಿತರು ಎಂಬುದು ಗೊತ್ತಿಲ್ಲದೆ ಹೋಗಿದ್ದರೆ ಅಲ್ಲಿ ಕಾಣುತ್ತಿದ್ದುದು ಗೆಣಸು ತಿನ್ನುವ ಮಂಗಗಳ ಹಿಂಡು ಮಾತ್ರ.

ಆ ಪಾಠವನ್ನು ಹೊತ್ತು 1961ರಲ್ಲಿ ಸುಗಿಯಾಮಾ ಭಾರತಕ್ಕೆ ಬಂದರು. ಕರ್ನಾಟಕಕ್ಕೆ ಆಗ ಇನ್ನೂ ಮೈಸೂರು ರಾಜ್ಯವೆಂಬ ಹೆಸರು. ಜತೆಗೆ ಕೆಂಜಿ ಯೋಶಿಬಾ ಎಂಬ ಇನ್ನೊಬ್ಬ ಜಪಾನಿ ಸಂಶೋಧಕರು, ನಮ್ಮವರೇ ಆದ ಎಂ. ಡಿ. ಪಾರ್ಥಸಾರಥಿ. 1963ರವರೆಗೆ ಧಾರವಾಡ ಸೀಮೆಯಲ್ಲಿ ಇವರು ಮಾಡಿದ ಕೆಲಸವೆಂದರೆ ನಡೆಯುವುದು, ಎಣಿಸುವುದು, ಬರೆಯುವುದು. ಗುಂಪು ಗುಂಪಿಗೂ ಒಂದು ನಂಬರು. ಗುಂಪಿನಲ್ಲಿ ದೊಡ್ಡ ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು; ಯಾವ ಮರದಲ್ಲಿ ಮಲಗುತ್ತವೆ, ಎಲ್ಲಿಯವರೆಗೆ ಮೇಯುತ್ತವೆ, ಪಕ್ಕದ ಗುಂಪು ಎದುರಾದರೆ ಏನು ಮಾಡುತ್ತವೆ.

ಎಣಿಕೆಯಿಂದ ಕಂಡ ಚಿತ್ರ ಹೀಗಿತ್ತು. ಸಾಮಾನ್ಯವಾಗಿ ಒಂದು ಗುಂಪಿನಲ್ಲಿ ಹದಿನೈದರ ಆಸುಪಾಸು ಮುಸುವಗಳು. ಹೆಚ್ಚಿನ ಗುಂಪುಗಳಲ್ಲಿ ಪ್ರಾಯದ ಗಂಡು ಒಂದೇ ಒಂದು. ಉಳಿದವು ಹೆಣ್ಣುಗಳು, ಅವುಗಳ ಮರಿಗಳು. ಹೆಣ್ಣು ಹುಟ್ಟಿದ ಗುಂಪಿನಲ್ಲೇ ಬದುಕು ಮುಗಿಸುತ್ತದೆ. ಅಜ್ಜಿ, ತಾಯಿ, ಚಿಕ್ಕಮ್ಮ, ಮಗಳು ಎಲ್ಲರೂ ಒಂದೇ ಮನೆ. ಗಂಡು ಮರಿ ಬೆಳೆದ ಮೇಲೆ ಗುಂಪು ಬಿಡಬೇಕು. ಹೀಗೆ ಹೊರಬಿದ್ದ ಗಂಡುಗಳು ತಮ್ಮದೇ ತಂಡ ಕಟ್ಟಿಕೊಂಡು ಅಲೆಯುತ್ತವೆ. ಈ ಪುಂಡರ ತಂಡಕ್ಕೆ ಸ್ವಂತ ಸಂಸಾರವಿಲ್ಲ, ಆದರೆ ಕಣ್ಣೆಲ್ಲ ಸಂಸಾರವಿರುವ ಗುಂಪುಗಳ ಮೇಲೆ.

ಮೂವತ್ತನೆಯ ನಂಬರಿನ ಗುಂಪಿನ ಮೇಲೆ ಒಂದು ದಿನ ಇಂಥ ಏಳು ಗಂಡುಗಳ ತಂಡ ಬಿತ್ತು. ಕಾದಾಟದಲ್ಲಿ ಹಳೆಯ ಯಜಮಾನ ಸೋತು ಗುಂಪಿನಿಂದ ಹೊರಬಿದ್ದ. ಗೆದ್ದ ಏಳರಲ್ಲಿ ಒಂದು, ಉಳಿದ ಆರನ್ನೂ ಓಡಿಸಿ ತಾನೊಬ್ಬನೇ ಯಜಮಾನನಾಯಿತು. ಇಷ್ಟಾದರೆ ಅದು ಹಳೆಯ ಕತೆ. ರಾಜರ ಚರಿತ್ರೆ ಓದಿದವರಿಗೆ ಹೊಸದೇನೂ ಅಲ್ಲ. ಆದರೆ ಆಮೇಲೆ ಹೊಸ ಗಂಡು ತಾಯಂದಿರ ಎದೆಗೆ ಅಂಟಿಕೊಂಡಿದ್ದ ಮರಿಗಳ ಮೇಲೆ ಎರಗತೊಡಗಿತು. ಕೋರೆಹಲ್ಲಿನಿಂದ ಕಚ್ಚಿದ ಗಾಯಗಳೊಡನೆ ಒಂದೊಂದೇ ಮರಿ ಇಲ್ಲವಾಯಿತು. ಸ್ವಲ್ಪ ಕಾಲದಲ್ಲೇ ಆ ಗುಂಪಿನಲ್ಲಿ ಹಾಲು ಕುಡಿಯುವ ಮರಿಯೇ ಉಳಿಯಲಿಲ್ಲ. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಬೆದೆಗೆ ಬಂದು ಅದೇ ಗಂಡಿನೊಡನೆ ಕೂಡಿದವು.

ಇದು ಅಪವಾದವೇ, ರೂಢಿಯೇ? ಸುಗಿಯಾಮಾ ಇನ್ನೊಂದು ಕೆಲಸ ಮಾಡಿದರು. ಬೇರೊಂದು ಗುಂಪಿನಿಂದ ಅದರ ಒಂಟಿ ಗಂಡನ್ನು ತಾವೇ ಹಿಡಿದು ತೆಗೆದುಬಿಟ್ಟರು. ಯಜಮಾನನಿಲ್ಲದ ಗುಂಪಿಗೆ ನೆರೆಯ ಗುಂಪಿನ ಗಂಡು ಬಂತು, ಮರಿಗಳ ಮೇಲೆ ಬಿತ್ತು, ಅಲ್ಲೂ ಮರಿಗಳು ಸತ್ತವು. ಇಂದಿನ ದಿನ ಇಂಥ ಪ್ರಯೋಗಕ್ಕೆ ಯಾವ ಸಂಸ್ಥೆಯೂ ಒಪ್ಪಿಗೆ ಕೊಡಲಾರದು, ಕೊಡಲೂ ಬಾರದು. ಆದರೆ ಅದರಿಂದ ಒಂದು ಮಾತು ಖಚಿತವಾಯಿತು: ಮೂವತ್ತನೆಯ ಗುಂಪಿನ ಗಂಡಿಗೆ ಹುಚ್ಚು ಹಿಡಿದಿರಲಿಲ್ಲ.

1965 ಮತ್ತು 1966ರಲ್ಲಿ ಈ ವರದಿಗಳು ಜಪಾನಿನ ‘ಪ್ರೈಮೇಟ್ಸ್’ ಪತ್ರಿಕೆಯಲ್ಲಿ ಅಚ್ಚಾದವು. ಓದಿದವರು ತಲೆದೂಗಲಿಲ್ಲ, ತಲೆ ಅಲ್ಲಾಡಿಸಿದರು. ಕಾರಣವೂ ಇತ್ತು. ಧಾರವಾಡಕ್ಕಿಂತ ಎರಡು ಮೂರು ವರ್ಷ ಮೊದಲು ಫಿಲಿಸ್ ಜೇ ಎಂಬ ಅಮೆರಿಕದ ಸಂಶೋಧಕಿ ಉತ್ತರ ಭಾರತದ ಕೌಕೋರಿಯಲ್ಲೂ ಬಸ್ತರದ ಓರ್ಛಾದಲ್ಲೂ ಇದೇ ಮುಸುವಗಳನ್ನು ನೋಡಿದ್ದರು. ಅವರಿಗೆ ಕಂಡದ್ದು ಶಾಂತವಾದ, ಜಗಳವಾಡದ, ಮರಿಯೆಂದರೆ ಪ್ರಾಣ ಬಿಡುವ ಪ್ರಾಣಿ. ಪ್ರಾಣಿಗಳ ನಡತೆಯೆಲ್ಲ ಕುಲದ ಒಳಿತಿಗಾಗಿಯೇ ಇರುತ್ತದೆಂಬ ನಂಬಿಕೆ ಆಗ ಶಾಸ್ತ್ರದಲ್ಲಿ ಬಲವಾಗಿತ್ತು. ತನ್ನ ಕುಲದ ಕೂಸನ್ನೇ ಕೊಲ್ಲುವುದರಿಂದ ಕುಲಕ್ಕೆ ಏನು ಒಳಿತು? ಹಾಗಾಗಿ ಇದು ರೋಗ. ಧಾರವಾಡದ ಕಾಡಿನಲ್ಲಿ ಮಂಗಗಳು ಕಿಕ್ಕಿರಿದಿವೆ. ಮನುಷ್ಯರ ಕಾಟದಿಂದ ಅವುಗಳ ಬುದ್ಧಿ ಕೆಟ್ಟಿದೆ ಎಂದರು. ಕಿಕ್ಕಿರಿದಿದ್ದುದು ಸುಳ್ಳೇನಲ್ಲ. ಸುಗಿಯಾಮಾ ಲೆಕ್ಕದಂತೆ ಅಲ್ಲಿ ಚದರ ಕಿಲೋಮೀಟರಿಗೆ ನೂರರ ಆಸುಪಾಸು ಮುಸುವಗಳಿದ್ದವು.

ಕಿಕ್ಕಿರಿದರೆ ಬುದ್ಧಿ ಕೆಡುತ್ತದೆ ಎಂಬ ಮಾತನ್ನೇ ಪರೀಕ್ಷಿಸಲು 1971ರಲ್ಲಿ ಸಾರಾ ಹರ್ಡಿ ಎಂಬ ಹಾರ್ವರ್ಡ್ ವಿದ್ಯಾರ್ಥಿನಿ ರಾಜಸ್ತಾನದ ಅಬು ಬೆಟ್ಟಕ್ಕೆ ಬಂದರು. 1975ರವರೆಗೆ ಹಲವು ಸಲ ಬಂದು ಹೋಗಿ ನೋಡಿದ ಮೇಲೆ ಅವರು ತಮ್ಮ ಮೊದಲಿನ ಊಹೆಯನ್ನೇ ಕೈಬಿಟ್ಟರು. ದಟ್ಟಣೆಯಷ್ಟೇ ಕಾರಣವಾಗಿದ್ದರೆ ಯಾವ ಗಂಡಾದರೂ ಯಾವ ಮರಿಯನ್ನಾದರೂ ಕಚ್ಚಬೇಕಿತ್ತು. ಹಾಗಾಗುತ್ತಿರಲಿಲ್ಲ. ಕಚ್ಚುತ್ತಿದ್ದುದು ಹೊರಗಿನಿಂದ ಬಂದ ಗಂಡು. ತನ್ನ ಗುಂಪಿನಲ್ಲಿ ನೆಲೆಯೂರಿದ ಗಂಡಿನ ಮೈಮೇಲೆ ಮರಿಗಳು ಹತ್ತಿ ಜಾರಿದರೂ ಅದು ಸುಮ್ಮನಿರುತ್ತಿತ್ತು.

ಇಲ್ಲಿ ಹೈಸ್ಕೂಲಿನ ಮಕ್ಕಳು ಕಾಗದ ಪೆನ್ಸಿಲು ಹಿಡಿದು ಕೂರುವುದು ಲೇಸು. ಹರ್ಡಿಯವರ ವಾದವನ್ನು ಕೂಡಿಸಿ ಕಳೆಯುವುದರಿಂದಲೇ ತಿಳಿಯಬಹುದು. ಮುಸುವ ಬಸಿರು ಹೊರುವುದು ಸುಮಾರು ಇನ್ನೂರು ದಿನ, ಅಂದರೆ ಆರೂವರೆ ತಿಂಗಳು. ಮರಿ ಹಾಲು ಕುಡಿಯುತ್ತಿರುವವರೆಗೆ, ಒಂದು ವರ್ಷವೆಂದು ಹಿಡಿಯೋಣ, ತಾಯಿ ಸಾಮಾನ್ಯವಾಗಿ ಮತ್ತೆ ಬಸಿರಾಗುವುದಿಲ್ಲ. ಅಬುವಿನಲ್ಲಿ ಒಂದು ಗಂಡಿನ ಯಜಮಾನಿಕೆ ಸರಾಸರಿ ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಇಪ್ಪತ್ತೇಳು ತಿಂಗಳೆನ್ನೋಣ. ಹೊಸ ಗಂಡು ಬಂದಾಗ ಹೆಣ್ಣಿನ ಮಡಿಲಲ್ಲಿ ಹಸುಗೂಸಿದೆ. ಅದು ಹಾಲು ಬಿಡುವವರೆಗೆ ಗಂಡು ಕಾದರೆ ಹನ್ನೆರಡು ತಿಂಗಳು ಹೋಯಿತು. ಬಸಿರಿಗೆ ಆರೂವರೆ. ತನ್ನ ಮರಿ ಹುಟ್ಟುವಷ್ಟರಲ್ಲಿ ಹದಿನೆಂಟೂವರೆ ತಿಂಗಳು ಕಳೆದವು. ಇಪ್ಪತ್ತೇಳನೆಯ ತಿಂಗಳಿಗೆ ಇವನನ್ನು ಓಡಿಸಿ ಮತ್ತೊಬ್ಬ ಬಂದಾಗ ಆ ಮರಿಗೆ ಎಂಟೂವರೆ ತಿಂಗಳು. ಇನ್ನೂ ಹಾಲುಗೂಸು. ಬಂದವನ ಬಾಯಿಗೆ ಅದೇ ಗುರಿ. ಕಾಯದೆ ಹಸುಗೂಸನ್ನು ಕೊಂದವನ ಲೆಕ್ಕ ನೋಡಿ: ಕೆಲವೇ ವಾರಗಳಲ್ಲಿ ತಾಯಿ ಬೆದೆಗೆ ಬರುತ್ತದೆ, ಎಂಟನೆಯ ತಿಂಗಳಿಗೆ ಮರಿ ಹುಟ್ಟುತ್ತದೆ, ಮುಂದಿನ ಯಜಮಾನ ಬರುವ ಹೊತ್ತಿಗೆ ಅದಕ್ಕೆ ಒಂದೂವರೆ ವರ್ಷ ಮೀರಿದೆ, ಹಾಲು ಬಿಟ್ಟಿದೆ, ಮರದಿಂದ ಮರಕ್ಕೆ ಹಾರುತ್ತದೆ.

ಗಂಡು ಮುಸುವ ಹೀಗೆ ಬೆರಳು ಮಡಚಿ ಲೆಕ್ಕ ಹಾಕುತ್ತದೆಂದು ಅರ್ಥವಲ್ಲ. ಕಾದ ಗಂಡುಗಳ ಸಂತಾನ ಕಡಿಮೆ ಉಳಿಯಿತು, ಕಾಯದವುಗಳದು ಹೆಚ್ಚು ಉಳಿಯಿತು; ತಂದೆಯ ಸ್ವಭಾವ ಮಗನಿಗೆ ಬಂತು. ಡಾರ್ವಿನ್ ಹೇಳಿದ ಆಯ್ಕೆ ಕುಲದ ಒಳಿತನ್ನು ಕೇಳುವುದೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಉದಾಹರಣೆ ಪಠ್ಯಪುಸ್ತಕದಲ್ಲಿ ಸಿಗುವುದು ಕಷ್ಟ.

ಹೆಣ್ಣುಗಳು ಕೈಕಟ್ಟಿ ಕೂರುತ್ತಿದ್ದವೇ? ಹರ್ಡಿಯವರ ಪುಸ್ತಕದ ಹೆಚ್ಚಿನ ಸ್ವಾರಸ್ಯ ಇರುವುದು ಇಲ್ಲಿ. ಅಬುವಿನ ಒಂದು ಗುಂಪಿನಲ್ಲಿ ‘ಸೋಲ್’ ಎಂದು ಅವರು ಹೆಸರಿಟ್ಟ ಮುದಿ ಹೆಣ್ಣಿತ್ತು. ಕನ್ನಡದ ಸೋಲಿಗೂ ಈ ಹೆಸರಿಗೂ ನಂಟಿಲ್ಲ, ಈ ಅಜ್ಜಿ ಸೋಲೊಪ್ಪುವವಳೂ ಅಲ್ಲ. ಮರಿ ಹಾಕುವ ವಯಸ್ಸು ದಾಟಿ, ಗುಂಪಿನ ಅಂಚಿನಲ್ಲಿ ಯಾರಿಗೂ ಬೇಡವಾದಂತೆ ಇದ್ದ ಆ ಮುದುಕಿ, ಹೊಸ ಗಂಡು ಒಂದು ಮರಿಯ ಮೇಲೆ ಎರಗಿದಾಗ ನಡುವೆ ನುಗ್ಗಿತು. ಜತೆಗೆ ನಿಂತದ್ದು ಒಂದು ಅಂಗೈ ಕಳೆದುಕೊಂಡಿದ್ದ ಇನ್ನೊಂದು ಹಿರಿಯ ಹೆಣ್ಣು. ತಮಗಿಂತ ಬಲವಾದ, ಕೋರೆಹಲ್ಲಿನ ಗಂಡಿನ ಎದುರು ಇವು ಮತ್ತೆ ಮತ್ತೆ ನಿಂತವು. ಮರಿಯ ತಾಯಿಗಿಂತ ಇವೇ ಹೆಚ್ಚು ಕಾದಾಡಿದವು. ಬೇರೆ ಹೆಣ್ಣುಗಳು ಬೇರೆ ಉಪಾಯ ಹೂಡುತ್ತಿದ್ದವು. ಹೊರಗಿನ ಗಂಡುಗಳೊಡನೆಯೂ ಕೂಡುತ್ತಿದ್ದವು. ಹಾಗಾದಾಗ ಮರಿ ಯಾರದೆಂಬುದು ಯಾವ ಗಂಡಿಗೂ ಖಚಿತವಿರದು, ತನ್ನದೂ ಇರಬಹುದಾದ ಮರಿಯನ್ನು ಕೊಲ್ಲಲು ಅದು ಹಿಂಜರಿಯುತ್ತದೆ ಎಂದು ಹರ್ಡಿ ವಾದಿಸಿದರು.

1977ರಲ್ಲಿ ಅವರ ಪುಸ್ತಕ ಹೊರಬಂದಾಗ ಜಗಳ ಜೋರಾಯಿತು. ಫಿಲಿಸ್ ಜೇ, ಆಗ ಅವರು ಫಿಲಿಸ್ ಡಾಲಿನೋ, ಮತ್ತವರ ಶಿಷ್ಯರು ಒಪ್ಪಲಿಲ್ಲ. ಕೊಲ್ಲುವುದನ್ನು ಕಣ್ಣಾರೆ ಕಂಡದ್ದೆಷ್ಟು, ಮರಿ ಕಾಣೆಯಾದದ್ದರಿಂದ ಊಹಿಸಿದ್ದೆಷ್ಟು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ವಿಜ್ಞಾನದಲ್ಲಿ ಹೀಗೆ ತಕರಾರು ತೆಗೆಯುವವರು ಇಲ್ಲದಿದ್ದರೆ ಕೆಲಸ ಕೆಡುತ್ತದೆ. ಜೋಧಪುರದಲ್ಲಿ ಎಸ್. ಎಂ. ಮೊಹನೋತ್ ಮತ್ತು ಆಮೇಲೆ ಬಂದ ಜರ್ಮನ್ ಸಂಶೋಧಕರು ಧಾರವಾಡದ ಕತೆಯನ್ನೇ ಮತ್ತೆ ಕಂಡರು. ಆದರೂ ತಂದೆ ಯಾರು ಎಂಬ ಪ್ರಶ್ನೆಗೆ ಕಣ್ಣಿನ ಸಾಕ್ಷಿ ಸಾಲದು.

ಉತ್ತರ ಸಿಕ್ಕಿದ್ದು ದಕ್ಷಿಣ ನೇಪಾಳದ ರಾಮನಗರದಲ್ಲಿ, ಅದೂ ಮಂಗಗಳ ಹಿಕ್ಕೆಯಿಂದ. ಕರೋಲಾ ಬೋರೀಸ್ ಮತ್ತು ಸಂಗಡಿಗರು ಕಾಡಿನಲ್ಲಿ ಒಂದೊಂದು ಮುಸುವದ ಹಿಂದೆಯೂ ಅಲೆದು ಹಿಕ್ಕೆ ಆಯ್ದರು. ಅದರೊಡನೆ ಕರುಳಿನ ಜೀವಕೋಶಗಳೂ ಬರುತ್ತವೆ, ಅವುಗಳಲ್ಲಿ ಡಿ.ಎನ್.ಎ. ಇರುತ್ತದೆ. ಮರಿಯ ಡಿ.ಎನ್.ಎ.ಯಲ್ಲಿ ತಾಯಿಯದನ್ನು ಕಳೆದರೆ ಉಳಿದದ್ದು ತಂದೆಯದು. 1999ರಲ್ಲಿ ಪ್ರಕಟವಾದ ಅವರ ಫಲಿತಾಂಶ ಸ್ಪಷ್ಟವಾಗಿತ್ತು: ಮರಿಗಳ ಮೇಲೆ ಬಿದ್ದ ಗಂಡುಗಳು ಆ ಮರಿಗಳ ತಂದೆಯರಾಗಿರಲಿಲ್ಲ. ಅದೇ ತಾಯಂದಿರು ಮುಂದೆ ಹೆತ್ತ ಮರಿಗಳಿಗೆ ಅವೇ ತಂದೆಯರಾಗಿರಬಹುದಿತ್ತು. ಸುಗಿಯಾಮಾ ಮೂವತ್ತನೆಯ ಗುಂಪಿನ ಬಗ್ಗೆ ಬರೆದುಕೊಂಡದ್ದು ಹೀಗೆ ಗಟ್ಟಿಯಾಯಿತು. ಅಷ್ಟರಲ್ಲಿ ಸಿಂಹಗಳಲ್ಲೂ ಬೇರೆ ಅನೇಕ ಪ್ರಾಣಿಗಳಲ್ಲೂ ಇದೇ ನಡತೆ ಕಂಡಿತ್ತು. 2014ರಲ್ಲಿ 260 ಸಸ್ತನಿ ಪ್ರಭೇದಗಳ ಮಾಹಿತಿಯನ್ನು ಹೋಲಿಸಿದ ಒಂದು ಅಧ್ಯಯನ, ಅವುಗಳಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಲ್ಲಿ ಗಂಡುಗಳು ಮರಿ ಕೊಲ್ಲುವುದು ವರದಿಯಾಗಿದೆ ಎಂದು ತೋರಿಸಿತು.

ಇದನ್ನೆಲ್ಲ ಮಕ್ಕಳಿಗೆ ಹೇಳಬೇಕೆ ಎಂದು ಕೆಲವು ತಾಯಿತಂದೆಯರು ಕೇಳಬಹುದು. ಶನಿವಾರ ಹನುಮಪ್ಪನಿಗೆ ಕಾಯಿ ಒಡೆಸುವ ಮನೆಯಲ್ಲಿ ಮಂಗನ ಬಗ್ಗೆ ಇಂಥ ಮಾತು ಆಡುವುದೇ? ಪುರಾಣದ ಹನುಮಂತ ನಮ್ಮ ಆದರ್ಶ. ತೇಗದ ಮರದ ಮುಸುವ ಆದರ್ಶವಾಗಲು ಒಪ್ಪಿಕೊಂಡ ಪ್ರಾಣಿಯಲ್ಲ. ಪ್ರಕೃತಿಯಲ್ಲಿ ಇದೆ ಎಂದ ಮಾತ್ರಕ್ಕೆ ಅದು ಸರಿ ಎಂದಾಗುವುದಿಲ್ಲ, ಅದನ್ನು ಮುಚ್ಚಿಟ್ಟರೆ ಇಲ್ಲವಾಗುವುದೂ ಇಲ್ಲ. ಹದಿಹರೆಯದ ಮಕ್ಕಳು ಈ ವ್ಯತ್ಯಾಸವನ್ನು ದೊಡ್ಡವರಿಗಿಂತ ಬೇಗ ತಿಳಿಯುತ್ತಾರೆ.

ಇನ್ನು, ಹಳಿಯಾಳ ರಸ್ತೆಗೆ ಹೋಗುವವರಿಗೆ ಕಾಣುವುದು ಕೊಲೆಯಲ್ಲ. ಯಜಮಾನಿಕೆ ಬದಲಾಗುವ ಆ ಕೆಲವು ವಾರಗಳು ಅಪರೂಪ. ಹೆಚ್ಚಿನ ದಿನಗಳಲ್ಲಿ ಫಿಲಿಸ್ ಜೇ ಕಂಡದ್ದೇ ಕಾಣುತ್ತದೆ. ಬೆಳಗಿನ ಚಳಿಯಲ್ಲಿ ದೊಡ್ಡ ಗಂಡು ಎದೆ ತುಂಬ ಉಸಿರೆಳೆದು ಹಾಕುವ ‘ಹೂಪ್, ಹೂಪ್’ ಕೂಗು ಕಾಡಿನಾಚೆಗೂ ಕೇಳುತ್ತದೆ. ಆಗತಾನೆ ಹುಟ್ಟಿದ ಮರಿಯ ಮೈ ಕಪ್ಪು, ಕೆಲವು ತಿಂಗಳಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಆ ಕಪ್ಪು ಮರಿಯನ್ನು ಎತ್ತಿಕೊಳ್ಳಲು ಗುಂಪಿನ ಹೆಣ್ಣುಗಳಿಗೆಲ್ಲ ಆತುರ. ಒಂದರ ಕೈಯಿಂದ ಇನ್ನೊಂದರ ಕೈಗೆ ಅದು ಸಾಗುತ್ತಲೇ ಇರುತ್ತದೆ. ಆ ಬಿಡುವಿನಲ್ಲಿ ತಾಯಿ ಹೊಟ್ಟೆ ತುಂಬ ಮೇಯುತ್ತದೆ. ಮೇವೆಂದರೆ ಎಲೆ, ಚಿಗುರು, ಹೂ, ಕಾಯಿ. ಹಸುವಿನಂತೆ ಮುಸುವಕ್ಕೂ ಹಲವು ಕೋಣೆಗಳ ಹೊಟ್ಟೆ. ಅದರೊಳಗಿನ ಸೂಕ್ಷ್ಮಜೀವಿಗಳು ಒರಟು ಎಲೆಯನ್ನು ಕೊಳೆಸಿ ಅರಗಿಸುತ್ತವೆ. ನಡುಮಧ್ಯಾಹ್ನ ಇಡೀ ಗುಂಪು ಕೊಂಬೆಗಳ ಮೇಲೆ ತೂಕಡಿಸುವುದು ಸೋಮಾರಿತನದಿಂದಲ್ಲ, ಒಳಗೆ ಅಡುಗೆ ನಡೆದಿರುತ್ತದೆ. ಚುಕ್ಕೆ ಜಿಂಕೆ ಇರುವ ಕಾಡಾದರೆ, ಮೇಲಿಂದ ಬೀಳುವ ಸೊಪ್ಪಿಗಾಗಿ ಜಿಂಕೆಗಳು ಮರದ ಬುಡದಲ್ಲಿ ಕಾದಿರುತ್ತವೆ.

ರೊಟ್ಟಿ, ಬಿಸ್ಕತ್ತು ತಿನ್ನಿಸುವುದು ಪುಣ್ಯವೆಂದು ತಿಳಿದವರಿದ್ದಾರೆ. ಎಲೆ ಅರಗಿಸುವ ಹೊಟ್ಟೆಗೆ ಬಿಸ್ಕತ್ತು ಮೇವಲ್ಲ. ರಸ್ತೆಯಂಚಿನಲ್ಲಿ ಕೈಚಾಚಲು ಕಲಿತ ಮರಿ ವಾಹನಕ್ಕೆ ಸಿಗುತ್ತದೆ, ಇಲ್ಲವೆ ಹೊಲಕ್ಕೆ ಇಳಿಯುತ್ತದೆ. ಹೊಲಕ್ಕೆ ಇಳಿದ ಮುಸುವದಿಂದ ರೈತನಿಗೆ ಆಗುವ ನಷ್ಟವನ್ನು ಪೇಟೆಯ ಪುಣ್ಯವಂತರು ತುಂಬಿಕೊಡುವುದಿಲ್ಲ.

ಎಲ್ಲೆಲ್ಲೂ ಇರುವ ಪ್ರಾಣಿಯ ಎಣಿಕೆ ಯಾಕೆ ಎನ್ನುವವರು ಮೈಸೂರಿನ ಕತೆ ಕೇಳಬೇಕು. ನಮ್ಮ ದಕ್ಷಿಣದ ಕೆಂಪುಮೋರೆಯ ಕೋತಿಯನ್ನು ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಸಂಗಡಿಗರು 1980ರ ದಶಕದಿಂದಲೇ ಎಣಿಸುತ್ತ ಬಂದಿದ್ದರು. 2017ರಲ್ಲಿ ಅವರ ತಂಡ ಪ್ರಕಟಿಸಿದ ಲೆಕ್ಕದಂತೆ ಇಪ್ಪತ್ತೈದು ವರ್ಷಗಳಲ್ಲಿ ಮೈಸೂರು ಸುತ್ತಲಿನ ಕೋತಿಗಳು ನೂರಕ್ಕೆ ಅರವತ್ತೈದರಷ್ಟು ಕಡಿಮೆಯಾಗಿದ್ದವು. ಸಾಲುಮರಗಳ ಆಲ, ಅತ್ತಿಗಳು ಹೋದವು. ದೇವಸ್ಥಾನಗಳ ಬಳಿಯಿಂದ ಹಿಡಿದು ಎಲ್ಲೆಲ್ಲಿಗೋ ಸಾಗಿಸಿದರು. ಹಳೆಯ ಎಣಿಕೆ ಇಲ್ಲದಿದ್ದರೆ, ‘ಕೋತಿಗಳ ಕಾಟ ಹೆಚ್ಚಾಗಿದೆ’ ಎಂಬ ಮಾತೇ ನಿಜವೆಂದು ಉಳಿಯುತ್ತಿತ್ತು. ಧಾರವಾಡಕ್ಕೆ 1961ರ ಎಣಿಕೆಯೇ ಇದೆ. ಇಷ್ಟು ಹಳೆಯ ಲೆಕ್ಕ ನಮ್ಮ ನಾಡಿನ ಹೆಚ್ಚಿನ ಕಾಡುಪ್ರಾಣಿಗಳಿಗಿಲ್ಲ.

ಎಣಿಸಲು ಯಂತ್ರವೇನೂ ಬೇಡ. ಒಂದು ನೋಟು ಪುಸ್ತಕ, ಗಡಿಯಾರ, ಸಿಕ್ಕರೆ ಬೈನಾಕ್ಯುಲರ್. ಹತ್ತು ನಿಮಿಷಕ್ಕೊಮ್ಮೆ ಕಣ್ಣೆತ್ತಿ, ಕಾಣುವ ಒಂದೊಂದು ಮುಸುವವೂ ಆ ಕ್ಷಣದಲ್ಲಿ ಏನು ಮಾಡುತ್ತಿದೆ ಎಂದು ಬರೆಯುವುದು: ತಿನ್ನುವುದು, ಮಲಗಿರುವುದು, ಹೇನು ಹೆಕ್ಕುವುದು, ಮರಿ ಎತ್ತಿರುವುದು. ಸೊಗಸಾದದ್ದನ್ನು ಮಾತ್ರ ಬರೆದು ಬೇಸರದ್ದನ್ನು ಬಿಡುವಂತಿಲ್ಲ. ಸಂಶೋಧಕರು ಮಾಡುವುದೂ ಇದನ್ನೇ.

ಹೋಗುವುದಾದರೆ ಮಳೆ ಮುಗಿದು ತೇಗ ಎಲೆ ಉದುರಿಸಿದ ಮೇಲೆ, ಜನವರಿಯಿಂದ ಮಾರ್ಚಿಯೊಳಗೆ. ಬೋಳು ಕೊಂಬೆಗಳಲ್ಲಿ ಮುಸುವ ಚೆನ್ನಾಗಿ ಕಾಣುತ್ತವೆ. ರಸ್ತೆಯ ಪಕ್ಕದಿಂದಲೇ ನೋಡಬೇಕು. ಅನುಮತಿಯಿಲ್ಲದೆ ಕಾಡಿನೊಳಗೆ ಕಾಲಿಡಬಾರದು. ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರಕ್ಕೂ ಹೋಗದೆ ಅರಣ್ಯ ಕಚೇರಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುವಂಥದು, ಉತ್ತರ ಕನ್ನಡದಲ್ಲೂ ಕಾಣಿಸಿಕೊಂಡಿದೆ. ಬೆಳಗಿನ ಮೊದಲ ಬಸ್ಸು ಹಿಡಿದರೆ ಒಳ್ಳೆಯದು. ಬಿಸಿಲೇರುವವರೆಗೆ ಗುಂಪು ಮಲಗಿದ ಮರದ ಸುತ್ತಲೇ ಇರುತ್ತದೆ.